ಹಣ ತೆತ್ತವನೂ ಕಥೆ ಬರೆದವನೂ

ರಾತ್ರಿ ಶಟರು ಇಳಿದ ಮೇಲೆ ವಾಕಡದ ನಮ್ಮ ಹೋಟೆಲು ಬಂಧುಗಳು ಕೊಠಡಿಯಲ್ಲಿ ಫೋನು ಹಿಡಿದು ‘ಮಾಲ್ಗುಡಿ ಡೇಸ್’ ನೋಡುವುದನ್ನು ನಾವು ಕಂಡಿದ್ದೇವೆ. ಆಗುಂಬೆಯ ಆ ಹಳೆಯ ಮನೆಯನ್ನು ಕಂಡೊಡನೆ ಊರನ್ನು ನೆನೆದು ಮೌನವಾಗುವವರೂ ಉಂಟು. ಆದರೆ ಟೆಲಿವಿಷನ್ನಿನ ಕಥೆಗಳಿಗೆ ಹಣ ತೆರುವವರು ಯಾರು, ಪ್ರತಿಯಾಗಿ ಅವರು ಕೇಳುವುದೇನು ಎಂಬುದನ್ನು ನಾವು ವಿಚಾರಿಸುವುದು ವಿರಳ.

ವಾರಕ್ಕೊಂದು ಹೊಸ ನಾಟಕ, ಅದಕ್ಕೊಬ್ಬ ವ್ಯಾಪಾರಿ ಪೋಷಕ ಎಂಬ ಪದ್ಧತಿಯು ಅಮೆರಿಕದಲ್ಲಿ ಬೇರೂರಿತು. ಚೀಸ್ ಮಾರುವ ಕ್ರಾಫ್ಟ್ ಕಂಪೆನಿಯು ೧೯೪೭ರಲ್ಲಿ ತನ್ನ ಹೆಸರಿನಲ್ಲೇ ಆರಂಭಿಸಿದ ನಾಟಕಮಾಲೆಯು ೧೯೫೮ರವರೆಗೆ ನಡೆಯಿತು. ಗುಡ್‌ಇಯರ್ ಟೈರು ಕಂಪೆನಿಯ ಹೆಸರಿನ ಮಾಲೆಯಲ್ಲಿ ೧೯೫೩ರಲ್ಲಿ ಬಂದ ‘ಮಾರ್ಟಿ’ಯು ಮಾಂಸದಂಗಡಿಯ ನೌಕರನೊಬ್ಬನ ಒಂಟಿತನದ ಕಥೆ. ದುಡಿಯುವವನ ಬಾಳಿಗೆ ಆ ಗೌರವ ದೊರೆತುದು ವ್ಯಾಪಾರಿಯ ಹಣದಿಂದಲೇ ಎಂಬುದನ್ನು ಒಪ್ಪಬೇಕು.

ಆದರೆ ೧೯೫೯ರಲ್ಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ನಾಟಕದ ಪೋಷಕರಲ್ಲಿ ಗ್ಯಾಸ್ ಉದ್ಯಮದವರ ಸಂಘವೂ ಇದ್ದಿತು. ನಾಜಿಗಳು ಗ್ಯಾಸ್ ಕೋಣೆಗಳಲ್ಲಿ ಜನರನ್ನು ಕೊಂದ ಪ್ರಸ್ತಾಪ ಬಂದಾಗ ‘ಗ್ಯಾಸ್’ ಎಂಬ ಶಬ್ದವನ್ನೇ ಕೇಳಿಸದಂತೆ ಅಡಗಿಸಲಾಯಿತು!

ನಮ್ಮ ದೂರದರ್ಶನದಲ್ಲಿ ೧೯೮೪ರ ‘ಹಮ್ ಲೋಗ್’ ಮ್ಯಾಗಿ ನೂಡಲ್ಸಿನ ಜಾಹೀರಾತಿನೊಡನೆ ಬಂದಿತು. ಅದರ ಬೆನ್ನಿಗೇ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ತೆರೆಗೆ ತಂದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ೧೯೭೪-೭೫ರಲ್ಲಿ ನಿರ್ದೇಶಕರಾಗಿದ್ದ ಗಿರೀಶ ಕಾರ್ನಾಡರು ಅದರಲ್ಲಿ ಸ್ವಾಮಿಯ ತಂದೆಯಾದರು. ಕನ್ನಡ ನೆಲದಲ್ಲಿ ಕನ್ನಡಿಗರು ಕಟ್ಟಿದ ಆ ಮಾಲೆಯು ತಯಾರಾದುದು ಮಾತ್ರ ಹಿಂದಿ, ಇಂಗ್ಲಿಷುಗಳಲ್ಲಿ. ದೊಡ್ಡ ವೇದಿಕೆಗೆ ತೆರಬೇಕಾದ ಬೆಲೆಗಳಲ್ಲಿ ಇದೂ ಒಂದು.

ಇತರರನ್ನು ದೂರುವ ಮೊದಲು ನಮ್ಮ ತಪ್ಪನ್ನೂ ಹೇಳಬೇಕು. ನಾವು ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಕೆಲಸಗಾರರ ರಾಜ್ಯೋತ್ಸವ ನಾಟಕಕ್ಕೆ ಪರದೆ, ದೀಪ, ವೇಷಗಳ ವೆಚ್ಚವೆಲ್ಲ ನಮ್ಮದೇ. ತಾಲೀಮಿನಲ್ಲಿ ಸಂಬಳ ತಡೆದಿಡುವ ಯಜಮಾನನ ದೃಶ್ಯವೊಂದು ಕಂಡಿತು. ‘ಇದು ಬೇಡ’ ಎಂದೆವು. ಅವರು ಮರುಮಾತಿಲ್ಲದೆ ಕೈಬಿಟ್ಟರು. ನಾಟಕಕ್ಕೆ ಚಪ್ಪಾಳೆಯೇನೋ ಬಿತ್ತು. ಆದರೆ ಅದನ್ನು ಬರೆದ ಮಾಣಿ ಮರುವರ್ಷ ಲೇಖನಿ ಹಿಡಿಯಲಿಲ್ಲ.

ಬಿಲ್ಲು ತೆತ್ತ ಗಿರಾಕಿಯು ಅಡಿಗೆಮನೆಗೆ ನುಗ್ಗಿ ಸಾರಿಗೆ ಉಪ್ಪು ಸುರಿದರೆ ನಾವು ಸಹಿಸುವೆವೆ? ಆದುದರಿಂದ ಮಾಲೀಕ ಬಾಂಧವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ನಾಟಕಕ್ಕೆ ಕೈಬಿಚ್ಚಿ ಕೊಡಿರಿ, ಕರಪತ್ರದಲ್ಲಿ ಹೋಟೆಲಿನ ಹೆಸರು ದಪ್ಪಕ್ಷರದಲ್ಲಿಯೇ ಇರಲಿ. ಕಥೆಯನ್ನು ಬರೆದವನಿಗೇ ಬಿಟ್ಟು, ಮೊದಲ ಸಾಲಿನಲ್ಲಿ ಕುಳಿತು ನೋಡಿರಿ.