ನಿಮಗಿದು ಗೊತ್ತೆ? ಕ್ರೇನಿನ ಯಜಮಾನ ಬದಲಾದಾಗ

2006ರಲ್ಲಿ ದುಬೈ ಸರ್ಕಾರದ ಒಡೆತನದ ಡಿಪಿ ವರ್ಲ್ಡ್, ಬ್ರಿಟನ್ನಿನ ಪಿ ಅಂಡ್ ಒ ಕಂಪನಿಯನ್ನು ಕೊಂಡಿತು. ಗದ್ದಲ ಎದ್ದದ್ದು ಮಾತ್ರ ವಾಷಿಂಗ್ಟನ್ನಿನಲ್ಲಿ! ನ್ಯೂಯಾರ್ಕ್, ಬಾಲ್ಟಿಮೋರ್, ಮಯಾಮಿ ಮುಂತಾದ ಬಂದರುಗಳ ಕೆಲವು ಟರ್ಮಿನಲ್‌ಗಳೂ ಆ ಖರೀದಿಯಲ್ಲಿದ್ದವು. ಅವನ್ನು ಅದುವರೆಗೆ ನಡೆಸುತ್ತಿದ್ದವರೂ ವಿದೇಶಿಯರೇ. ಅದು ಹೆಚ್ಚಿನವರ ಗಮನಕ್ಕೇ ಬಂದಿರಲಿಲ್ಲ. ಹಡಗಿನಿಂದ ಕಂಟೇನರ್ ಇಳಿಸಿ ಲಾರಿಗೇರಿಸುವುದು ಕಂಪನಿಯ ಮುಖ್ಯ ಕೆಲಸ. ತಪಾಸಣೆ ಕಸ್ಟಮ್ಸ್‌ನವರದು, ಭದ್ರತೆಯ ಮೇಲುಸ್ತುವಾರಿ ಕೋಸ್ಟ್ ಗಾರ್ಡ್‌ನದು. ಆದರೆ 9/11ರ ಉಗ್ರರ ದಾಳಿಯ ಗಾಯ ಇನ್ನೂ ಹಸಿಯಾಗಿತ್ತು. ಒಪ್ಪಂದ ತಡೆದರೆ ವೀಟೊ ಹಾಕುತ್ತೇನೆಂದ ಅಧ್ಯಕ್ಷ ಬುಷ್‌ಗೆ ಸ್ವಪಕ್ಷದವರೇ ಎದುರುಬಿದ್ದರು. ಸಂಸತ್ತಿನ ಸಮಿತಿಯಲ್ಲಿ ವಿರೋಧಕ್ಕೆ 62 ಮತ, ಪರವಾಗಿ ಬರೀ 2. ಮರುದಿನವೇ ಕಂಪನಿ ಅಮೆರಿಕದ ಟರ್ಮಿನಲ್‌ಗಳ ಮಟ್ಟಿಗೆ ಹಿಂದೆ ಸರಿಯಿತು. ಅದೇ ಖರೀದಿಯಲ್ಲಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಟರ್ಮಿನಲ್ಲೊಂದೂ ದುಬೈ ಪಾಲಾಗಿತ್ತು.