ಅಂಕಿ ಕಂಡ ಕೂಡಲೇ ಕೂಡುವ ಮಕ್ಕಳು

‘ಒಂದು ಹಡಗಿನಲ್ಲಿ 26 ಕುರಿ, 10 ಆಡುಗಳಿವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?’

1980ರ ಆಸುಪಾಸಿನಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಗಣಿತ ಶಿಕ್ಷಣ ಸಂಶೋಧಕರು ಪ್ರಾಥಮಿಕ ಶಾಲೆಯ ಎಳೆಯ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟರು. 97 ಮಕ್ಕಳಲ್ಲಿ 76 ಮಂದಿ ಅವೆರಡು ಅಂಕಿಗಳಲ್ಲೇ ಲೆಕ್ಕ ಹಾಕಿ ಕಪ್ತಾನನ ವಯಸ್ಸು ಹೇಳಿಬಿಟ್ಟರು.

ಆ ಮಕ್ಕಳು ದಡ್ಡರಲ್ಲ, ಶಾಲೆ ರೂಢಿ ಮಾಡಿಸಿದ್ದನ್ನೇ ಮಾಡಿದ್ದಾರೆ. ಪುಸ್ತಕದ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಬೇಕು, ಸಂಕಲನದ ಪಾಠದ ಕೊನೆಯಲ್ಲಿ ಬರುವುದು ಕೂಡುವ ಲೆಕ್ಕವೇ ಎಂಬುದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮಕ್ಕಳು ಬೇಗನೆ ಕಂಡುಕೊಳ್ಳುತ್ತಾರೆ. ಆಮೇಲೆ ವಾಕ್ಯ ಓದುವ ಗೋಜಿಗೇ ಹೋಗುವುದಿಲ್ಲ. ‘ಮಿಸ್, ಇದು ಕೂಡೋದಾ, ಕಳೆಯೋದಾ?’ ಎಂಬ ಪ್ರಶ್ನೆ ಕೇಳದ ತರಗತಿ ನಮ್ಮಲ್ಲಿ ಅಪರೂಪ.

ಈ ಗೊಂದಲಕ್ಕೆ ದೊಡ್ಡವರು ಕೊಡುವ ಸುಲಭದ ಮದ್ದೇ ಹೆಚ್ಚು ಕೆಡಿಸುತ್ತದೆ. ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದದ್ದು’ ಎಂದಿದ್ದರೆ ಕಳೆ, ‘ಹೆಚ್ಚು’ ಎಂದಿದ್ದರೆ ಮತ್ತೆ ಕೂಡು. ಈಗ ಈ ಲೆಕ್ಕ ನೋಡಿ: ಗೀತಾಳ ಹತ್ತಿರ 8 ಪೆನ್ಸಿಲ್‌ಗಳಿವೆ. ರವಿಯ ಹತ್ತಿರ ಇರುವುದಕ್ಕಿಂತ ಇವು 3 ಹೆಚ್ಚು. ರವಿಯ ಹತ್ತಿರ ಎಷ್ಟಿವೆ? ಸೂತ್ರ ನಂಬಿದ ಮಗು 11 ಎಂದು ಬರೆಯುತ್ತದೆ. ಕೂಡಿದ್ದು ಸರಿ, ಉತ್ತರ ತಪ್ಪು. ರವಿಯ ಬಳಿ ಕಡಿಮೆ ಇವೆ ಎಂದು ತಿಳಿಯಬೇಕಾದರೆ ಇಬ್ಬರ ಪೆನ್ಸಿಲ್‌ಗಳನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು.

ಇಂಥ ಹೋಲಿಕೆಯ ಲೆಕ್ಕಗಳಲ್ಲೇ ಎಳೆಯರು ಹೆಚ್ಚು ಎಡವುತ್ತಾರೆ. ಸಂಶೋಧಕ ಹಡ್ಸನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಹಕ್ಕಿಗಳು ಮತ್ತು ಹುಳುಗಳಿದ್ದ ಚಿತ್ರ ತೋರಿಸಿದರು. ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದಾಗ ಒಂದನೇ ತರಗತಿಯ ಶೇ. 64 ಮಕ್ಕಳು ಸರಿಯಾಗಿ ಹೇಳಿದರು. ‘ಎಲ್ಲ ಹಕ್ಕಿಗಳೂ ಒಂದೊಂದು ಹುಳು ಹಿಡಿಯಲು ಹೋದರೆ ಎಷ್ಟು ಹಕ್ಕಿಗೆ ಹುಳು ಸಿಗುವುದಿಲ್ಲ?’ ಎಂದು ಕೇಳಿದಾಗ ಎಲ್ಲರೂ ಸರಿಯಾಗಿ ಹೇಳಿದರು. ಲೆಕ್ಕ ಬದಲಾಗಿರಲಿಲ್ಲ, ಕೇಳಿದ ರೀತಿ ಬದಲಾಗಿತ್ತು.

ಲೆಕ್ಕ ಮುಗಿದ ಮೇಲೂ ಉತ್ತರವನ್ನು ಪ್ರಶ್ನೆಗೆ ತಾಳೆ ಹಾಕುವ ಅಭ್ಯಾಸ ಕಡಿಮೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ, ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದಾದರೆ 1128 ಸೈನಿಕರಿಗೆ ಎಷ್ಟು ಬಸ್ ಬೇಕು ಎಂದು 13 ವರ್ಷದವರನ್ನು ಕೇಳಲಾಗಿತ್ತು. ಶೇ. 29 ಮಂದಿ ‘31 ಬಸ್, ಶೇಷ 12’ ಎಂದು ಬರೆದರು. 32 ಎಂದವರು ಶೇ. 23 ಮಾತ್ರ.

ಹಾಗೆಂದು ಕಥೆ ಲೆಕ್ಕದ ಶತ್ರುವಲ್ಲ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ ಸಂಶೋಧಕರಾದ ನುನೆಸ್, ಕರಾಹೆರ್ ಮತ್ತು ಶ್ಲೀಮನ್ 1985ರಲ್ಲಿ ಬರೆದ ಪ್ರಬಂಧ ಇದಕ್ಕೆ ಸಾಕ್ಷಿ. 35 ಕ್ರುಜೇರೊ ಬೆಲೆಯ ತೆಂಗಿನಕಾಯಿ 4 ಬೇಕು ಎಂದಾಗ, ಮಾರುತ್ತಿದ್ದ ಮಗು ಮೂರು ಕಾಯಿಗೆ 105 ಎಂದು ಹಿಡಿದು, 30 ಸೇರಿಸಿ 135 ಮಾಡಿ, ಕೊನೆಗೆ ಉಳಿದ 5 ಸೇರಿಸಿ 140 ಎಂದಿತು. ಅದೇ ಮಗುವಿಗೆ ಕಾಗದದ ಮೇಲೆ 35ನ್ನು 4ರಿಂದ ಗುಣಿಸಲು ಕೊಟ್ಟಾಗ ದಶಕ ಸೇರಿಸುವಲ್ಲಿ ತಪ್ಪಿ 200 ಬಂತು. ಒಟ್ಟಾರೆ ಈ ಮಕ್ಕಳು ವ್ಯಾಪಾರದ ನಡುವೆ ಶೇ. 98, ವಾಕ್ಯರೂಪದ ಲೆಕ್ಕಗಳಲ್ಲಿ ಶೇ. 74, ಬರೀ ಅಂಕಿಯ ಲೆಕ್ಕಗಳಲ್ಲಿ ಶೇ. 37ರಷ್ಟು ಸರಿಯುತ್ತರ ಕೊಟ್ಟಿದ್ದರು. ಸನ್ನಿವೇಶ ಅರ್ಥವಾದರೆ ಮಗು ಲೆಕ್ಕದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಅಂಕಿಗಳನ್ನು ಬೆರಳಿನಿಂದ ಮುಚ್ಚಿ, ಲೆಕ್ಕದಲ್ಲಿ ಯಾರಿದ್ದಾರೆ, ಏನಾಯಿತು, ಏನು ಕೇಳಿದ್ದಾರೆ ಎಂದು ಮಗುವಿನಿಂದಲೇ ಹೇಳಿಸಿ. ಮನೆಮಾತು ತುಳುವೋ ಲಂಬಾಣಿಯೋ ಉರ್ದುವೋ ಆಗಿದ್ದರೆ ಆ ಮಾತಿನಲ್ಲೇ ಹೇಳಲಿ, ಬೇಕಾದರೆ ಚಿತ್ರ ಬರೆಯಲಿ. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಹೋಮ್‌ವರ್ಕ್‌ಗೆ ಹತ್ತು ಲೆಕ್ಕದ ಬದಲು ಎರಡೇ ಕೊಡಿ.