ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗ

ಒಂದೇ ವ್ಯಾಧಿಗೆ ಒಬ್ಬನೇ ವೈದ್ಯನಿಂದ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇಬ್ಬರಲ್ಲಿ ಒಬ್ಬನು ಮರುದಿನವೇ ಮನೆ ಸೇರಿ, ಮತ್ತೊಬ್ಬನು ಮೂರು ನಾಲ್ಕು ದಿನ ಆಸ್ಪತ್ರೆಯಲ್ಲಿಯೇ ಉಳಿದನೆಂದರೆ, ಅವನ ರೋಗ ಉಲ್ಬಣಿಸಿತೆಂದೋ, ವೈದ್ಯನ ಕೈಗುಣ ಅಂದು ಒದಗಲಿಲ್ಲವೆಂದೋ, ಬಿಲ್ಲು ಬೆಳೆಸುವ ಉಪಾಯವೆಂದೋ ಬಂಧುಗಳು ಭಾವಿಸುವುದುಂಟು. ರೋಗಿಯ ವಯಸ್ಸು, ಮಧುಮೇಹ, ಬೆಸೆದ ಮೂಳೆಗಳ ಸಂಖ್ಯೆ ಇವು ಕಾರಣಗಳಹುದು. ಆದರೆ ಚಿಕಿತ್ಸೆ ವಾರದ ಯಾವ ದಿನ, ದಿನದ ಯಾವ ಹೊತ್ತಿನಲ್ಲಿ ನಡೆಯಿತೆಂಬುದೂ ಒಂದು ಕಾರಣವೆಂಬುದನ್ನು ಬಲ್ಲವರು ವಿರಳ.

ಸೊಂಟದ ಡಿಸ್ಕಿನ ಆಪರೇಷನ್ ಬೆಳಗಿನ ಮೊದಲ ಸರದಿಯಲ್ಲಿ ಮುಗಿದರೆ, ಮಧ್ಯಾಹ್ನದ ವೇಳೆಗೆ ಅರಿವಳಿಕೆಯ ಮಂಪರು ಇಳಿದಿರುವುದು. ಸಂಜೆಗೆ ಮುನ್ನ ಫಿಜಿಯೋಥೆರಪಿಸ್ಟ್ ಬಂದು, ಬೆನ್ನು ತಿರುಚದಂತೆ ಇಡೀ ಮೈಯನ್ನು ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಡಿಸಿ, ಮೊಣಕೈಯೂರಿ ಏಳುವ ಕ್ರಮವನ್ನು ಕಲಿಸಿ, ನಾಲ್ಕು ಹೆಜ್ಜೆ ನಡೆಸುವರು. ಮೂತ್ರನಳಿಕೆಯನ್ನು ತೆಗೆದು, ಮರುದಿನ ಮೆಟ್ಟಿಲು ಹತ್ತಿಸಿ ನೋಡಿ, ಮನೆಗೆ ಕಳುಹಿಸುವರು. ಅದೇ ಆಪರೇಷನ್ ಸಾಯಂಕಾಲ ಮುಗಿದರೆ, ಏಳಿಸುವವರು ಮನೆಗೆ ಹೋಗಿರುವರಾದುದರಿಂದ ಮೊದಲ ಹೆಜ್ಜೆ ಮರುದಿನಕ್ಕೆ ಬೀಳುವುದು. ಶುಕ್ರವಾರದ ರೋಗಿಗಂತೂ ಮುಂದೆ ಶನಿವಾರ, ಭಾನುವಾರಗಳು ಕಾದಿರುತ್ತವೆ. ಅಮೆರಿಕದ ಹಲವು ಅಧ್ಯಯನಗಳಲ್ಲಿ, ವಾರದ ಕೊನೆಯಲ್ಲಿ ಚಿಕಿತ್ಸೆಗೊಂಡವರ ವಾಸ ದೀರ್ಘವಾಗಿರುವುದು ಕಂಡುಬಂದಿದೆ; ಅಲ್ಲಿ ಪುನಶ್ಚೇತನ ಕೇಂದ್ರಕ್ಕೆ ತೆರಳಬೇಕಾದ ವೃದ್ಧರು ವಿಮಾ ಕಂಪನಿಯ ಒಪ್ಪಿಗೆಗಾಗಿ ಸೋಮವಾರದವರೆಗೆ ಕಾಯಬೇಕಾಗುವುದೂ ಉಂಟು.

ಹೆಚ್ಚು ದಿನ ಮಲಗಿದರೆ ಬೆನ್ನು ಗಟ್ಟಿಯಾಗುವುದೆಂಬುದು ಇನ್ನೊಂದು ಭ್ರಮೆ. 1934ರಲ್ಲಿ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಕಾಲಿಗಿಳಿಯುವ ನೋವಿಗೆ ಜಾರಿದ ಡಿಸ್ಕ್ ಕಾರಣವಾಗಬಲ್ಲುದೆಂದು ಪ್ರಕಟಿಸಿದ ತರುವಾಯ, ಬಹುಕಾಲ ಆಪರೇಷನ್ ಆದವರನ್ನು ದೀರ್ಘವಾಗಿ ಮಲಗಿಸುತ್ತಿದ್ದುದು ನಿಜ. ಆದರೆ ನಿಶ್ಚಲವಾಗಿ ಮಲಗಿದವನ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಶ್ವಾಸಕೋಶದಲ್ಲಿ ಕಫ ನಿಲ್ಲಬಹುದು, ಸ್ನಾಯುಗಳು ಸೊರಗುವುವು. ಆದಕಾರಣ ಕಳೆದುಹೋದ ಒಂದು ಸಂಜೆಯ ನಡಿಗೆ ಸಣ್ಣ ನಷ್ಟವಲ್ಲ.

ಅಮಾವಾಸ್ಯೆ, ರಾಹುಕಾಲಗಳನ್ನು ತಪ್ಪಿಸಿ ದಿನ ನಿಶ್ಚಯಿಸುವ ಪರಿಪಾಠ ನಮ್ಮಲ್ಲಿ ಇಂದಿಗೂ ಇದೆ. ಪಂಚಾಂಗ ನೋಡಬಾರದೆಂದು ನಾನು ಹೇಳೆನು. ಆದರೆ ಭಾನುವಾರ ಫಿಜಿಯೋಥೆರಪಿಸ್ಟ್ ಬರುವರೇ, ಡಿಸ್ಚಾರ್ಜ್ ಬರೆಯುವ ವೈದ್ಯರಿರುವರೇ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

ಈ ಆಯ್ಕೆ ಕಾಯಬಹುದಾದ ಚಿಕಿತ್ಸೆಗೆ ಮಾತ್ರ. ಕಾಲುಗಳ ಬಲ ಕುಂದಿ, ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಾಗಿ, ಮೂತ್ರ ಕಟ್ಟಿಕೊಂಡರೆ, ಅದು ಭಾನುವಾರದ ನಡುರಾತ್ರಿಯೇ ಆಗಿದ್ದರೂ ರೋಗಿಯನ್ನು ಆಗಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.